ಹೆಣ್ಣು ಬೋವಾ ಹಾವಿಗೆ ಜೋಡಿ ಆರಿಸುವಾಗ ಏನನ್ನು ನೋಡಬೇಕು?

ಕೇಳಿದವರು (ಡಲ್ಲಾಸ್): ನನ್ನ ಬಳಿ ಐದು ವರ್ಷದ, ಚೆನ್ನಾಗಿ ಬೆಳೆದ ಹೆಣ್ಣು ಬೋವಾ ಇದೆ. ನೋಡಲು ಹೈಪೊ (ಕಪ್ಪು ಬಣ್ಣ ಕಡಿಮೆಯಿರುವ ಬಗೆ), ಜೊತೆಗೆ ಕಾಹ್ಲ್ ಎಂಬ ವಂಶದ ಆಲ್ಬಿನೊಗೆ (ಕಪ್ಪು ಬಣ್ಣವೇ ಇಲ್ಲದ ಬಗೆ) ಹೆಟ್, ಅಂದರೆ ಆ ಗುಣದ ಒಂದು ಪ್ರತಿ ಹೊರಗೆ ಕಾಣದಂತೆ ಅದರಲ್ಲಿದೆ. ಪರಿಚಯದವರಲ್ಲಿ ಮೂರು ಗಂಡುಗಳಿವೆ. ಒಂದು, ಬಹಳ ಸುಂದರವಾದ ಸನ್‌ಗ್ಲೋ. ಆದರೆ ನನ್ನ ಹೆಣ್ಣಿಗೂ ಅದಕ್ಕೂ ತಂದೆ ಒಂದೇ. ಇನ್ನೊಂದು ಶಾರ್ಪ್ ಎಂಬ ಬೇರೆ ವಂಶದ ಆಲ್ಬಿನೊ. ಮೂರನೆಯದು ಬೇರೆ ವಂಶದ, ನೋಡಲು ಸಾಧಾರಣವಾದ ಕಾಹ್ಲ್ ಹೆಟ್. ಚೆಂದದ ಮರಿಗಳು ಬೇಕೆಂದರೆ ಯಾವುದನ್ನು ಆರಿಸಲಿ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಮೂರನೆಯದನ್ನೇ ಆರಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಶಾರ್ಪ್ ಮತ್ತು ಕಾಹ್ಲ್ ಎರಡೂ ಆಲ್ಬಿನೊಗಳೇ ಆದರೂ ಅವು ಬೇರೆ ಬೇರೆ ಜೀನ್‌ಗಳ ಗುಣಗಳು, ಒಂದಕ್ಕೊಂದು ಹೊಂದುವುದಿಲ್ಲ. ಆ ಜೋಡಿಯಿಂದ ಒಂದೂ ಆಲ್ಬಿನೊ ಮರಿ ಹುಟ್ಟದು. ಮರಿಗಳೆಲ್ಲ ಶಾರ್ಪ್‌ಗೆ ಹೆಟ್ ಆಗಿದ್ದು, ಸುಮಾರು ಅರ್ಧದಷ್ಟು ಕಾಹ್ಲ್‌ಗೂ ಹೆಟ್ ಆಗಿರುತ್ತವೆ, ಯಾವುವು ಎಂಬುದನ್ನು ಕಣ್ಣಿನಿಂದ ಗುರುತಿಸಲಾಗದೆ ಮುಂದೆ ಅವುಗಳನ್ನು ಕೊಂಡವರೆಲ್ಲ ಗೊಂದಲಕ್ಕೆ ಬೀಳುತ್ತಾರೆ.

ಸನ್‌ಗ್ಲೋ ಎಂದರೆ ಹೈಪೊ ಮತ್ತು ಆಲ್ಬಿನೊ ಕೂಡಿದ್ದು. ಹೈಪೊ ಕಾಣಲು ಒಂದು ಪ್ರತಿ ಸಾಕು, ಆಲ್ಬಿನೊ ಕಾಣಲು ಎರಡೂ ಪ್ರತಿ ಬೇಕು. ಆ ಗಂಡಿನಲ್ಲೂ ನಿಮ್ಮ ಹೆಣ್ಣಿನಲ್ಲೂ ಹೈಪೊ ಒಂದೊಂದೇ ಪ್ರತಿಯಿದ್ದರೆ, ಆ ಜೋಡಿಯಿಂದ ಸರಾಸರಿ 8 ಮರಿಗಳಲ್ಲಿ 3 ಸನ್‌ಗ್ಲೋ ಆಗಬೇಕು. ಸಾಧಾರಣ ಹೆಟ್ ಗಂಡಿನಿಂದ 8ರಲ್ಲಿ 1 ಮಾತ್ರ. ಲೆಕ್ಕ ಆಸೆ ಹುಟ್ಟಿಸುತ್ತದೆ ನಿಜ. ಆದರೆ ಒಂದೇ ತಂದೆಯ ಮಕ್ಕಳನ್ನು ಜೋಡಿ ಮಾಡಿದಾಗ ಬಣ್ಣದ ಜೊತೆಗೆ, ಅದುವರೆಗೆ ಅಡಗಿದ್ದ ಕೆಟ್ಟ ಗುಣಗಳೂ ಎರಡೂ ಕಡೆಯಿಂದ ಬಂದು ಸೇರುತ್ತವೆ. ಕಾಹ್ಲ್ ವಂಶದಲ್ಲಿ ಕಣ್ಣು ಚಿಕ್ಕದಾಗಿ ಅಥವಾ ಕಣ್ಣೇ ಇಲ್ಲದೆ ಹುಟ್ಟಿದ ಮರಿಗಳ ವಿಷಯವನ್ನು ಹಳಬರು ಇಂದಿಗೂ ಹೇಳುತ್ತಾರೆ. ಹತ್ತಿರದ ಸಂಬಂಧದಲ್ಲಿ ಮತ್ತೆ ಮತ್ತೆ ಮರಿ ಮಾಡಿಸಿದ್ದೇ ಅದಕ್ಕೆ ಕಾರಣವೆಂದು ಬಹಳ ಜನ ನಂಬಿದ್ದಾರೆ, ನಾನೂ ನಂಬುತ್ತೇನೆ. 24 ಮರಿಗಳಲ್ಲಿ ಒಂಬತ್ತರ ಬದಲು ಮೂರೇ ಸನ್‌ಗ್ಲೋ ಸಿಕ್ಕರೂ, ಅವು ಗಟ್ಟಿಯಾಗಿದ್ದರೆ ಅದೇ ಮೇಲು.

ಎರಡನೇ ಉತ್ತರ: ಮೇಲಿನ ಮಾತಿಗೆ ನನ್ನ ಸಹಮತವಿದೆ. ಒಂದು ವಿಷಯ ಸೇರಿಸುತ್ತೇನೆ. ಮಾರ್ಫ್‌ನ, ಅಂದರೆ ಬಣ್ಣದ ಬಗೆಯ, ಹೆಸರಷ್ಟೇ ಅಂದವನ್ನು ನಿರ್ಧರಿಸುವುದಿಲ್ಲ. ಬೆನ್ನಿನ ಮಚ್ಚೆಗಳ ಅಂಚು ಎಷ್ಟು ಸ್ಪಷ್ಟವಾಗಿದೆ, ಬಾಲದ ಕೆಂಪು ಎಷ್ಟು ದಟ್ಟವಾಗಿದೆ, ಪಕ್ಕೆಗಳಲ್ಲಿ ಕಪ್ಪು ಚುಕ್ಕೆಗಳು ಎಷ್ಟಿವೆ ಎಂಬುವು ಹಲವು ಜೀನ್‌ಗಳು ಸೇರಿ ತರುವ ಗುಣಗಳು, ಇವು ತಂದೆತಾಯಿಗಳಿಂದಲೇ ಬರುತ್ತವೆ. ಆದ್ದರಿಂದ ಆ ಸಾಧಾರಣ ಗಂಡನ್ನು ಪೊರೆ ಬಿಟ್ಟ ಮರುದಿನ, ಹಗಲು ಬೆಳಕಿನಲ್ಲಿ, ಕೈಯಲ್ಲಿ ಹಿಡಿದು ನೋಡಿ. ಬೋವಾಗಳ ಬಣ್ಣ ರಾತ್ರಿ ತಿಳಿಯಾಗಿ ಹಗಲು ಗಾಢವಾಗುತ್ತದೆ, ಹಾಗಾಗಿ ರಾತ್ರಿ ದೀಪದಡಿ ತೆಗೆದ ಚಿತ್ರವನ್ನು ನಂಬಬೇಡಿ. ಸಾಧ್ಯವಾದರೆ ಅದರ ತಂದೆತಾಯಿಯನ್ನೂ ಬೆಳೆದ ಒಡಹುಟ್ಟುಗಳನ್ನೂ ನೋಡಿ, ಏಕೆಂದರೆ ಮರಿಯಲ್ಲಿದ್ದ ಬಣ್ಣ ದೊಡ್ಡದಾದ ಮೇಲೆ ಹಾಗೆಯೇ ಉಳಿಯುವುದಿಲ್ಲ. ಮುಂದೆ ಮೋಟ್ಲಿ ಎಂಬ ಇನ್ನೊಂದು ಮಾರ್ಫ್‌ನ ಆಸೆ ಹುಟ್ಟಿದರೆ ಎರಡು ಮೋಟ್ಲಿಗಳನ್ನು ಎಂದೂ ಜೋಡಿ ಮಾಡಬೇಡಿ. ಎರಡೂ ಕಡೆಯಿಂದ ಆ ಗುಣ ಪಡೆದ ಕಡುಕಪ್ಪು ಮರಿಗಳಲ್ಲಿ ಹೆಚ್ಚಿನವು ಬೆಳೆಯುವ ಮೊದಲೇ ಸಾಯುತ್ತವೆ.

ಮೂರನೇ ಉತ್ತರ: ಬಣ್ಣದ ಮಾತಿಗಿಂತ ಮೊದಲು ರಕ್ತಪರೀಕ್ಷೆ. ಐಬಿಡಿ (ಇನ್‌ಕ್ಲೂಷನ್ ಬಾಡಿ ಡಿಸೀಸ್) ಎಂಬ, ಹಾವುಗಳ ಮಾರಕ ರೋಗಕ್ಕೆ ಅರೀನಾವೈರಸ್ ನಂಟಿರುವುದನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2012ರಲ್ಲಿ ಪತ್ತೆಹಚ್ಚಿದರು. ಬೋವಾ ಅದನ್ನು ಯಾವ ಲಕ್ಷಣವೂ ಇಲ್ಲದೆ ಬಹುಕಾಲ ಹೊತ್ತಿರಬಲ್ಲದು, ತಾಯಿಯಿಂದ ಮರಿಗೂ ದಾಟಿಸಬಲ್ಲದು. ಎರಡೂ ಹಾವುಗಳ ಪಿಸಿಆರ್ (ವೈರಸ್ ಪತ್ತೆಹಚ್ಚುವ ಪರೀಕ್ಷೆ) ವರದಿ ಕೈಗೆ ಬರುವವರೆಗೆ ಗಂಡನ್ನು ಬೇರೆ ಕೋಣೆಯಲ್ಲಿಡಿ, ನೀರಿನ ಬಟ್ಟಲು ಮತ್ತು ಹಿಡಿಯುವ ಕೊಕ್ಕೆ ಸಹ ಪ್ರತ್ಯೇಕವಾಗಿರಲಿ. ಆ ಗಂಡಿನ ಮಾಲೀಕರು ಪರೀಕ್ಷೆಗೆ ಒಪ್ಪದಿದ್ದರೆ, ಹಾವು ಎಷ್ಟೇ ಚೆಂದವಿದ್ದರೂ ಬೇಡವೆನ್ನಿ.

ಒಂದೇ ಋತುವಿನಲ್ಲಿ ಎರಡು ಗಂಡುಗಳನ್ನೂ ಬಿಡಬೇಡಿ, ಮರಿಗಳ ತಂದೆ ಯಾವುದೆಂದು ಆಮೇಲೆ ನೋಡಿ ಹೇಳಲಾಗದು. ಗಂಡಿನ ಪಾಲೇ ಇಲ್ಲದೆ ಮರಿಗಳಾದದ್ದೂ ಉಂಟು: ಗಂಡುಗಳ ಜೊತೆಗಿದ್ದ ಒಂದು ಹೆಣ್ಣು ಬೋವಾ ಎರಡು ಸಲ ಹೆತ್ತ 22 ಮರಿಗಳೂ ಹೆಣ್ಣು, ಎಲ್ಲವೂ ತಾಯಿಯ ಅಪರೂಪದ ಕ್ಯಾರಮೆಲ್ ಬಣ್ಣದವು ಎಂದು 2010ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ನಿಮ್ಮ ಜೋಡಿಯಲ್ಲೂ ಲೆಕ್ಕಕ್ಕೆ ಹೊಂದದ ಮರಿಗಳು ಬಂದರೆ, ಹೆಟ್ ಎಂದು ಹೆಸರಿಟ್ಟು ಮಾರುವ ಮೊದಲು ಡಿಎನ್‌ಎ ಪರೀಕ್ಷೆ ಮಾಡಿಸಿ.