ಪದಚರ್ಚೆ: ‘ಅಲೆಯ ಎತ್ತರ’ವೂ ನೀರು ದಡ ಹತ್ತಿದ ಎತ್ತರವೂ ಒಂದೇ ಅಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬೆಟ್ಟದ ಸರೋವರಗಳಿಗೆ ಗುಡ್ಡ ಕುಸಿದು ಬಿದ್ದಾಗ ಏಳುವ ಅಲೆಗಳು, ಅವುಗಳ ಅಪಾಯವನ್ನು ನಕ್ಷೆಗೆ ಇಳಿಸುವ ಬಗೆ, ಇವನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕೆಲವು ಪದಗಳು ಕೈಗೆ ಹತ್ತುತ್ತಿಲ್ಲ. ‘ವೇವ್ ಹೈಟ್’, ‘ರನ್‌ಅಪ್’ ಎರಡಕ್ಕೂ ಸದ್ಯಕ್ಕೆ ‘ಅಲೆಯ ಎತ್ತರ’ ಎಂದೇ ಹಾಕಿದ್ದೇವೆ. ‘ಓವರ್‌ಟಾಪಿಂಗ್’ಗೆ ‘ಕೋಡಿ ಬೀಳುವುದು’ ಎಂದಿದ್ದೇವೆ. ‘ಹ್ಯಾಝರ್ಡ್’, ‘ರಿಸ್ಕ್’ ಎರಡೂ ‘ಅಪಾಯ’ ಆಗಿಬಿಟ್ಟಿವೆ. ಒಟ್ಟು ವಿದ್ಯಮಾನವನ್ನು ‘ಸರೋವರ ಸುನಾಮಿ’ ಎಂದರೆ ಸರಿಯೆ? ತಿಳಿದವರು ತಿದ್ದಬೇಕು.

ಉತ್ತರ 1

ನಮಸ್ಕಾರ ಸರ್. ‘ಅಲೆಯ ಎತ್ತರ’ದಿಂದಲೇ ಶುರುಮಾಡುತ್ತೇನೆ. ಅಲ್ಲಿ ತಪ್ಪಿದರೆ ನಕ್ಷೆಯ ಗೆರೆಯೇ ಬೇರೆ ಕಡೆ ಬೀಳುತ್ತದೆ.

ಅಲೆಯ ಎತ್ತರ ಎಂದರೆ ನೀರಿನ ಮೇಲೆ ಸಾಗುತ್ತಿರುವ ಅಲೆಯ ತಗ್ಗಿನಿಂದ ನೆತ್ತಿಯವರೆಗಿನ ಅಳತೆ. ರನ್‌ಅಪ್ ಬೇರೆಯದು: ಅಲೆ ದಡಕ್ಕೆ ಬಡಿದ ಮೇಲೆ ನೀರು ಇಳಿಜಾರನ್ನು ಹತ್ತಿ ಎಲ್ಲಿ ನಿಂತಿತೋ ಆ ಜಾಗ ನಿಂತ ನೀರಿನ ಮಟ್ಟಕ್ಕಿಂತ ಎಷ್ಟು ಮೇಲಿದೆ ಎಂಬ ಲೆಕ್ಕ. ಇದಕ್ಕೆ ‘ದಡವೇರಿಕೆ’ ಎನ್ನಿ. ಅಲಾಸ್ಕದ ಲಿಟುಯಾ ಕೊಲ್ಲಿಯಲ್ಲಿ 1958ರ ಜುಲೈ 9ರಂದು ‘524 ಮೀಟರ್ ಎತ್ತರದ ಅಲೆ’ ಎದ್ದಿತೆಂದು ಬರೆಯುವುದು ರೂಢಿ. ಆ 524 ಮೀಟರ್, ಬಂಡೆ ಬಿದ್ದ ಜಾಗದ ಎದುರಿನ ಗುಡ್ಡದ ಮೈಯನ್ನು ನೀರು ಹತ್ತಿದ ಎತ್ತರ. ಕೊಲ್ಲಿಯ ಉದ್ದಕ್ಕೆ ಹೊರಟ ಅಲೆ ಅಷ್ಟು ದೊಡ್ಡದಿರಲಿಲ್ಲ. ಅಲ್ಲಿ ಲಂಗರು ಹಾಕಿದ್ದ ಮೀನುಗಾರರ ದೋಣಿಯೊಂದು ಆ ಅಲೆಯನ್ನು ಹತ್ತಿ ಇಳಿದು ಉಳಿದುಕೊಂಡಿತು. ಎರಡಕ್ಕೂ ಒಂದೇ ಪದ ಬಳಸಿದರೆ ದೋಣಿ ಉಳಿದದ್ದು ಹೇಗೆಂದು ಓದುಗರಿಗೆ ತಿಳಿಯುವುದೇ ಇಲ್ಲ.

ಒಂದು ಲೆಕ್ಕ ಮಾಡಿ ನೋಡಿ. ಸರೋವರದ ಆಳ 100 ಮೀಟರ್. ಮೇಲಿಂದ ಬರುವ ಕಲ್ಲುಮಣ್ಣು 10 ಲಕ್ಷ ಘನ ಮೀಟರ್. ನೀರು ಮುಟ್ಟುವಾಗ ರಾಶಿಯ ದಪ್ಪ 20 ಮೀಟರ್, ಅಗಲ 150 ಮೀಟರ್, ವೇಗ ಸೆಕೆಂಡಿಗೆ 50 ಮೀಟರ್, ಇಳಿಜಾರು 45 ಡಿಗ್ರಿ, ಸಾಂದ್ರತೆ ನೀರಿನ 1.7 ಪಟ್ಟು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಇ.ಟಿ.ಎಚ್. 2009ರಲ್ಲಿ ಹೊರತಂದು 2019ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ ಹೆಲ್ಲರ್ ಮತ್ತು ಹಾಗರ್ ಅವರ ಸೂತ್ರವಿದೆ. ವೇಗ, ದಪ್ಪ, ತೂಕ ಮೂರನ್ನೂ ಆಳಕ್ಕೆ ಹೋಲಿಸಿ, ಕೋನವನ್ನೂ ಸೇರಿಸಿ ಅದು ಒಂದೇ ಅಂಕಿಗೆ ಇಳಿಸುತ್ತದೆ. ಇಲ್ಲಿ ಆ ಅಂಕಿ ಸುಮಾರು 0.65. ಅದರಿಂದ ಗರಿಷ್ಠ ಅಲೆಯ ಎತ್ತರ ಸುಮಾರು 39 ಮೀಟರ್, ನೆತ್ತಿ ನಿಂತ ನೀರಿಗಿಂತ ಸುಮಾರು 31 ಮೀಟರ್ ಮೇಲೆ. ದಡವೇರಿಕೆ ಇವೆರಡೂ ಅಲ್ಲ. ಅಲೆ ದಡ ತಲುಪುವಷ್ಟರಲ್ಲಿ ಎಷ್ಟು ಉಳಿದಿದೆ, ಎಷ್ಟು ಉದ್ದವಿದೆ, ದಡದ ಇಳಿಜಾರು ಎಷ್ಟು ಎಂದು ನೋಡಿ ಅದನ್ನು ದಡದ ಒಂದೊಂದು ಜಾಗಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು. ಮೂರು ಅಳತೆಗೆ ಮೂರು ಪದ ಬೇಕೇ ಬೇಕು: ಅಲೆಯ ಎತ್ತರ, ನೆತ್ತಿಮಟ್ಟ, ದಡವೇರಿಕೆ.

ಇದೇ ಸೂತ್ರದಲ್ಲಿ ಬರೆಯುವವರು ಮರೆಯುವ ಇನ್ನೊಂದು ಸಂಗತಿಯಿದೆ. ವೇಗ ಇಮ್ಮಡಿಯಾದರೆ ಅಲೆ 1.74 ಪಟ್ಟಾಗುತ್ತದೆ. ದಪ್ಪ, ಅಗಲ ಹಾಗೇ ಇದ್ದು ತೂಕ ಮಾತ್ರ ಇಮ್ಮಡಿಯಾದರೆ ಬರೀ 1.15 ಪಟ್ಟು. ಆದ್ದರಿಂದ ‘ದೊಡ್ಡ ಕುಸಿತ, ದೊಡ್ಡ ಅಲೆ’ ಎಂಬ ವಾಕ್ಯ ಬಂದ ಕಡೆ ಅನುಮಾನಪಡಿ. ಎಷ್ಟು ಎತ್ತರದಿಂದ, ಎಷ್ಟು ಕಡಿದಾದ ಇಳಿಜಾರಿನಲ್ಲಿ ಜಾರಿತು ಎಂಬುದೇ ಹೆಚ್ಚಿನದು. ಅಲೆ ದೂರ ಹೋದಂತೆ ತಗ್ಗುವ ರೀತಿಯೂ ಸರೋವರದ ಆಕಾರಕ್ಕೆ ತಕ್ಕಂತೆ: ದೂರ ಇಮ್ಮಡಿಯಾದಾಗ ಅಗಲ ಸರೋವರದಲ್ಲಿ ಶೇ. 63 ಉಳಿಯುತ್ತದೆ, ಕಾಲುವೆಯಂತೆ ಇಕ್ಕಟ್ಟಾಗಿದ್ದರೆ ಶೇ. 83. ನಾರ್ವೆಯ ಲೋವಾಟ್ನೆಟ್ ಸರೋವರ ಈ ಎರಡನೆಯ ಜಾತಿಯದು. ಅಲ್ಲಿ 1905ರಲ್ಲಿ 61 ಜನ, 1936ರಲ್ಲಿ 74 ಜನ ಸತ್ತರು. ಎರಡು ಸಲವೂ ಕುಸಿದದ್ದು ಒಂದೇ ಬೆಟ್ಟ.

‘ಕೋಡಿ ಬೀಳುವುದು’ ದಯವಿಟ್ಟು ಬೇಡ. ಕೆರೆ ಕೋಡಿ ಬಿತ್ತು ಎಂದರೆ ನಮ್ಮಲ್ಲಿ ಬಾಗಿನ ಬಿಡುವ ಸಂಭ್ರಮ. ಹೆಚ್ಚಿನ ನೀರು ಹೋಗಲೆಂದೇ ಕಟ್ಟಿದ ಜಾಗದಲ್ಲಿ ಅದು ಹೋಗುತ್ತದೆ, ಏರಿಗೆ ಏನೂ ಆಗುವುದಿಲ್ಲ. ಓವರ್‌ಟಾಪಿಂಗ್‌ನಲ್ಲಿ ನೀರು ಕಟ್ಟೆಯ ಮೇಲೇ ಹಾಯುತ್ತದೆ. ‘ಕಟ್ಟೆ ಮೇಲೆ ಹಾಯುವುದು’ ಎಂದರೆ ಸಾಕು. ‘ಒಡೆಯುವುದು’ ಕೂಡ ಬೇರೆ. ಇಟಲಿಯ ವಾಯೊಂಟ್‌ನಲ್ಲಿ 1963ರ ಅಕ್ಟೋಬರ್ 9ರ ರಾತ್ರಿ ಸುಮಾರು 27 ಕೋಟಿ ಘನ ಮೀಟರ್ ಬೆಟ್ಟ ಜಲಾಶಯಕ್ಕೆ ಜಾರಿತು. ನೀರು ಅಣೆಕಟ್ಟಿನ ಮೇಲೆ ಹಾದು ಲಾಂಗರೋನೆ ಊರನ್ನು ಅಳಿಸಿತು, ಸುಮಾರು 2,000 ಜನ ಸತ್ತರು. ಅಣೆಕಟ್ಟು ಇಂದಿಗೂ ನಿಂತಿದೆ. ಸಿಕ್ಕಿಮಿನ ದಕ್ಷಿಣ ಲ್ಹೊನಾಕ್ ಸರೋವರದಲ್ಲಿ 2023ರ ಅಕ್ಟೋಬರ್ 3ರ ರಾತ್ರಿ ನಡೆದದ್ದು ಬೇರೆ ಬಗೆ. ಹೆಪ್ಪುಗಟ್ಟಿದ ಮೊರೇನ್ (ಹಿಮನದಿ ತಂದು ಒಟ್ಟಿದ ಕಲ್ಲುಮಣ್ಣು) ದಿಬ್ಬ ಸುಮಾರು 1 ಕೋಟಿ 47 ಲಕ್ಷ ಘನ ಮೀಟರಿನಷ್ಟು ಜಾರಿ, ಸುಮಾರು 20 ಮೀಟರಿನ ಅಲೆ ಎದ್ದು, ಸಡಿಲ ಕಲ್ಲುಮಣ್ಣಿನ ತಡೆಯ ಮೇಲೆ ಹಾದು ಅದನ್ನೇ ಕೊರೆದುಕೊಂಡು ಹೋಯಿತು. ಮೊದಲು ಹಾಯ್ದದ್ದು, ಆಮೇಲೆ ಒಡೆದದ್ದು. ಕಾಂಕ್ರೀಟ್ ಕಟ್ಟೆಯ ಕೆಳಗಿನ ನಕ್ಷೆಗೆ ಹಾಯ್ದ ನೀರಿನ ಲೆಕ್ಕ ಸಾಕಾಗಬಹುದು, ಮೊರೇನ್ ತಡೆಯಾದರೆ ಇಡೀ ಸರೋವರ ಖಾಲಿಯಾಗುವ ಲೆಕ್ಕವೂ ಬೇಕು.

ಹ್ಯಾಝರ್ಡ್‌ಗೆ ‘ಅಪಾಯ’ ಇರಲಿ, ರಿಸ್ಕ್‌ಗೆ ‘ಹಾನಿಸಂಭವ’ ಹಾಕಿ. ಕೆನಡಾದ ಚೆಹಾಲಿಸ್ ಸರೋವರಕ್ಕೆ 2007ರ ಡಿಸೆಂಬರ್ 4ರಂದು ಸುಮಾರು 30 ಲಕ್ಷ ಘನ ಮೀಟರ್ ಬಂಡೆ ಬಿತ್ತು. ದಡವೇರಿಕೆ ಸುಮಾರು 38 ಮೀಟರ್. ದಡದ ಬಿಡಾರದ ಜಾಗಗಳು ಕೊಚ್ಚಿಹೋದವು, ಚಳಿಗಾಲವಾದ್ದರಿಂದ ಅಲ್ಲಿ ಯಾರೂ ಇರಲಿಲ್ಲ. ಬೇಸಗೆಯಲ್ಲೂ ಅಪಾಯ ಅಷ್ಟೇ ಇರುತ್ತಿತ್ತು, ಹಾನಿಸಂಭವ ಅಷ್ಟೇ ಇರುತ್ತಿರಲಿಲ್ಲ.

‘ಸುನಾಮಿ’ ತಪ್ಪಲ್ಲ, ಆದರೆ 2004ರ ನಂತರ ಆ ಪದ ಕೇಳಿದವರ ಮನಸ್ಸಿಗೆ ಕಡಲು ಬರುತ್ತದೆ, ದೂರದಿಂದ ಬರುವ ಮುನ್ಸೂಚನೆ ಬರುತ್ತದೆ. 100 ಮೀಟರ್ ಆಳದಲ್ಲಿ ಇಂಥ ಅಲೆ ಕಿಲೋಮೀಟರನ್ನು ಸುಮಾರು ಅರ್ಧ ನಿಮಿಷದಲ್ಲಿ ದಾಟುತ್ತದೆ. ಅಲೆ ಎದ್ದ ಮೇಲೆ ಸೈರನ್ ಕೂಗಿ ಫಲವಿಲ್ಲ, ಇಳಿಜಾರಿನ ಬಿರುಕನ್ನೇ ಕಾಯಬೇಕು. ‘ಕುಸಿತದಲೆ’ ಎಂದರೆ ಕಾರಣ ಪದದೊಳಗೇ ಇರುತ್ತದೆ.

ಉತ್ತರ 2

ಮೇಲಿನ ಉತ್ತರಕ್ಕೆ ಎರಡು ಮಾತು ಸೇರಿಸುತ್ತೇನೆ.

‘ಏರುಮಟ್ಟ’ ಎನ್ನದೆ ‘ದಡವೇರಿಕೆ’ ಎಂದದ್ದು ಒಳ್ಳೆಯದಾಯಿತು. ‘ಏರುಮಟ್ಟ’ವನ್ನು ಕೆರೆಯ ಏರಿಯ ಮಟ್ಟ ಎಂದು ಓದಿಕೊಳ್ಳುವವರೇ ಹೆಚ್ಚು. ‘ಟ್ರಿಮ್‌ಲೈನ್’ ಪದವೂ ನಿಮ್ಮ ಬರಹದಲ್ಲಿ ಬಂದೇ ಬರುತ್ತದೆ. ಬೇಲಿ ಸವರುತ್ತೇವಲ್ಲ, ಹಾಗೆ ನೀರು ದಡದ ಕಾಡನ್ನು ಸವರಿ ಹೋದ ಗೆರೆ ಅದು, ‘ಸವರುಗೆರೆ’ ಎನ್ನಬಹುದು. ಗೆರೆಯ ಕೆಳಗೆ ಎಷ್ಟೋ ಕಡೆ ಮಣ್ಣೂ ಉಳಿದಿರುವುದಿಲ್ಲ. ಗೆರೆಯಲ್ಲಿ ನಿಂತ ಮರಗಳಿಗೆ ಸರೋವರದ ಕಡೆಯ ತೊಗಟೆ ಮಾತ್ರ ಸುಲಿದಿರುತ್ತದೆ, ಕವಲಿನಲ್ಲಿ ಕಡ್ಡಿಕಸ ಸಿಕ್ಕಿಕೊಂಡಿರುತ್ತದೆ. ಅದಕ್ಕೂ ಮೇಲೆ ಎಲೆಗಳಿಗೆ ಅಂಟಿದ ಕೆಸರು ಬರೀ ಎರಚಲು, ಅದನ್ನು ದಡವೇರಿಕೆ ಎಂದು ಅಳೆದರೆ ಲೆಕ್ಕ ಹಿಗ್ಗುತ್ತದೆ. ಅಳತೆಯನ್ನು ಕುಸಿತ ನಡೆದ ದಿನದ ನೀರಿನ ಮಟ್ಟದಿಂದ ಹಿಡಿಯಬೇಕು, ಅಳೆಯಲು ಹೋದ ದಿನದ ಮಟ್ಟದಿಂದಲ್ಲ. ಮಳೆಗಾಲಕ್ಕೂ ಬೇಸಗೆಗೂ ಹತ್ತಾರು ಮೀಟರ್ ಏರಿಳಿಯುವ ಜಲಾಶಯದಲ್ಲಿ ಈ ಒಂದೇ ತಪ್ಪು ನಕ್ಷೆಯನ್ನು ಕೆಡಿಸುತ್ತದೆ.

ಕುಸಿತದಲೆ ನಮಗೆ ದೂರದ ಸಂಗತಿಯೇನಲ್ಲ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಹೆದ್ದಾರಿಯನ್ನು ದಾಟಿ ಗಂಗಾವಳಿ ನದಿಗೆ ಬಿದ್ದಾಗ, ನುಗ್ಗಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಸರೋವರವಲ್ಲ, ನದಿ. ಆದರೂ ಮಣ್ಣು ಬಿದ್ದದ್ದು ಒಂದು ದಡದಲ್ಲಿ, ಮನೆ ಬಿದ್ದದ್ದು ಇನ್ನೊಂದು ದಡದಲ್ಲಿ. ‘ಭೂಕುಸಿತ ಪ್ರದೇಶ’ ಎಂದು ಬರೀ ಈಚೆ ದಡಕ್ಕೆ ಬಣ್ಣ ಬಳಿದರೆ ಉಳುವರೆ ನಕ್ಷೆಯಲ್ಲಿ ಬಿಟ್ಟೇಹೋಗುತ್ತದೆ. ನಿಮ್ಮ ನಕ್ಷೆಯ ಸೂಚಿಯಲ್ಲಿ ಹೀಗೆ ಬರೆಯಬಹುದು: ‘ಕೆಂಪು ಗೆರೆ: ಕುಸಿತದಲೆಯ ದಡವೇರಿಕೆ, ಸರೋವರ ತುಂಬಿದಾಗಿನ ನೀರಿನ ಮಟ್ಟದಿಂದ ಮೀಟರ್‌ಗಳಲ್ಲಿ.’ ‘ತುಂಬಿದಾಗಿನ’ ಎಂಬ ಪದವನ್ನು ಮಾತ್ರ ಬಿಡಬೇಡಿ.