ಅಪ್‌ಡೇಟ್: ಗಂಗಾವತಿ ಮಿಲ್ಲಿನ ವೈರ್‌ಲೆಸ್ ಫೋನ್ ಈಗ ಸರಿಯಾಗಿ ಕೇಳಿಸುತ್ತಿದೆ

ಗಂಗಾವತಿಯ ನಮ್ಮ ರೈಸ್ ಮಿಲ್ಲಿನಿಂದ ಒಂದು ಕಿಲೋಮೀಟರ್ ದೂರದ ಗೋದಾಮಿಗೆ ವೈರ್‌ಲೆಸ್‌ನಲ್ಲೇ ಫೋನು, ಡೇಟಾ ಎರಡೂ ಕೊಡಬಹುದಾ ಅಂತ ಕೇಳಿದ್ದೆ. ಕೊಡಬಹುದು. ಸಲಹೆ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನಮ್ಮ ಕಡೆ ಬಂಡೆಗುಡ್ಡ ಜಾಸ್ತಿ ಅಲ್ವಾ, ಹಾಗಾಗಿ ಮೊದಲು ಎತ್ತರ ನೋಡಿದೆವು. ಎರಡು ಆಂಟೆನಾ ಒಂದಕ್ಕೊಂದು ಕಂಡರೆ ಸಾಲದು. ನಮ್ಮ ವೈರ್‌ಲೆಸ್ ಓಡುವ 5.8 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ, ಇಷ್ಟು ದೂರಕ್ಕೆ, ನಟ್ಟನಡುವೆ ಆ ನೇರ ಗೆರೆಯ ಸುತ್ತ 3.6 ಮೀಟರ್‌ವರೆಗೆ ಅಲೆ ಹರಡಿರುತ್ತದೆ. ಅದರಲ್ಲಿ ಶೇ. 60ರಷ್ಟಾದರೂ ಖಾಲಿ ಇರಬೇಕು. ದಾರಿಯಲ್ಲೊಂದು ಬೇವಿನ ಮರ ಇತ್ತು. ಕಡಿಯೋದು ಬೇಡ ಅಂತ ಕಂಬವನ್ನೇ ಎತ್ತರಿಸಿದೆವು.

ಕರೆಗೆ ವೇಗ ಜಾಸ್ತಿ ಬೇಕಿಲ್ಲ. ಮಾತನ್ನು ಡೇಟಾ ಮಾಡುವ ಜಿ.711 ಅನ್ನೋ ವಿಧಾನದಲ್ಲಿ (ಕೋಡೆಕ್) ಮಾತು ಸೆಕೆಂಡಿಗೆ 64 ಕಿಲೋಬಿಟ್, ಪ್ರತಿ ಪ್ಯಾಕೆಟ್‌ಗೆ ಅಂಟುವ ವಿಳಾಸದ ಮಾಹಿತಿ (ಹೆಡರ್) ಎಲ್ಲಾ ಸೇರಿ ಒಂದು ದಿಕ್ಕಿಗೆ 87ರ ಆಸುಪಾಸು. ಕಾಟ ಕೊಡೋದು ತಡ. ಮಾತು 150 ಮಿಲಿಸೆಕೆಂಡ್ ಒಳಗೆ ಆ ಕಡೆ ಮುಟ್ಟಬೇಕು. ಸಿಸಿಟಿವಿ ವಿಡಿಯೊ ಜೊತೆಗೆ ಹೋದಾಗ ನಮ್ಮ ಕರೆ ತುಂಡು ತುಂಡಾಗುತ್ತಿತ್ತು. ಇದನ್ನು ಮೊದಲು ಕಳಿಸಿ ಅಂತ ಹೇಳುವ ಡಿಎಸ್‌ಸಿಪಿ 46 ಅನ್ನೋ ಗುರುತನ್ನು ಫೋನಿನ ಪ್ಯಾಕೆಟ್‌ಗಳಿಗೆ ಹಾಕಿದೆವು. ಆದರೂ ಪೂರ್ತಿ ಸರಿಹೋಗಲಿಲ್ಲ. ಯಾಕೆ ಗೊತ್ತಾ? ವೈಫೈನಲ್ಲಿ ಮಾತಿಗೆ (ವಾಯ್ಸ್), ವಿಡಿಯೊಗೆ ಬೇರೆ ಬೇರೆ ಸಾಲು ಇರುತ್ತದೆ, ಕೆಲವು ವೈಫೈ ಸಾಧನಗಳು 46 ಅನ್ನು ವಾಯ್ಸ್ ಸಾಲಿಗೆ ಬಿಡದೆ ವಿಡಿಯೊ ಸಾಲಿಗೆ ಸೇರಿಸುತ್ತವೆ. ಸೆಟ್ಟಿಂಗ್‌ನಲ್ಲಿ ಅದನ್ನು ವಾಯ್ಸ್‌ಗೆ ಬದಲಿಸಿದ ಮೇಲೆಯೇ ಮಾತು ನೆಟ್ಟಗಾಯಿತು. ಇದನ್ನು ದಯವಿಟ್ಟು ಎಲ್ಲರೂ ನೋಡಿಕೊಳ್ಳಿ.

ಗೋದಾಮಿನ ಒಳಗೆ ಸಿಗ್ನಲ್ ಅಳೆಯೋದು ಭತ್ತದ ಚೀಲ ತುಂಬಿದಾಗಲೇ. ಖಾಲಿ ಗೋದಾಮಿನ ಲೆಕ್ಕ ಸುಮ್ನೆ. ತೇವದ ಭತ್ತ ಸಿಗ್ನಲ್ ಹೀರುತ್ತದೆ. ಫೋನಿಗೆ ಕನಿಷ್ಠ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ) ಸಿಗಬೇಕು. ಹಿಂದಿನ ಮೂಲೆಯಲ್ಲಿ ಇನ್ನೂ ಸಿಗುತ್ತಿಲ್ಲ, ಅಲ್ಲಿಗೊಂದು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಹಾಕುತ್ತಿದ್ದೇವೆ.