ಕೆಎಲ್-14 ಪ್ಲೇಟ್ ಕಂಡರೆ ಪೊಲೀಸರು ಜಾಸ್ತಿ ನಿಲ್ಲಿಸ್ತಾರಾ?

ಪ್ರಶ್ನೆ (ಮಂಜೇಶ್ವರದಿಂದ):
ನಮಸ್ಕಾರ ಸರ್. ನಮ್ಮ ಮನೆ ಮಂಜೇಶ್ವರದಲ್ಲಿ, ಕೆಲಸ ಮಂಗಳೂರಿನಲ್ಲಿ. ದಿನಾ ತಲಪಾಡಿ ದಾಟಿ ಕಾರಿನಲ್ಲಿ ಹೋಗಿ ಬರ್ತೇನೆ. ಪ್ಲೇಟ್ ಕೆಎಲ್-14, ಅಂದ್ರೆ ಕೇರಳದ ಕಾಸರಗೋಡಿನ ನಂಬರ್. ಮನೆಮಾತು ತುಳು, ಓದಿದ್ದು ಕನ್ನಡ ಮೀಡಿಯಂ. ಆದರೂ ತಪಾಸಣೆ ಇದ್ದ ದಿನ ಮುಂದಿನ ಮಂಗಳೂರಿನ ಕೆಎ-19 ಕಾರುಗಳನ್ನೆಲ್ಲ ಬಿಟ್ಟು ನನಗೇ ಕೈ ತೋರಿಸ್ತಾರೆ. ಮೊನ್ನೆಯೂ ಹಾಗೇ ಆಯಿತು. ದಾಖಲೆ ಸರಿ ಇತ್ತು, ಬಿಟ್ಟರು. ಅದಕ್ಕಿಂತ ದೊಡ್ಡ ಚಿಂತೆ ಬೇರೆ ಉಂಟು. ವರ್ಷ ಕಳೆದರೆ ಕರ್ನಾಟಕದ ಟ್ಯಾಕ್ಸ್ ಕಟ್ಟಬೇಕು, ಇಲ್ಲದಿದ್ರೆ ಗಾಡಿ ಹಿಡಿದಿಡ್ತಾರೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದ್ದಾರೆ. ಆಗಿನಿಂದ ಮಂಡೆಬಿಸಿ. ಹೊರರಾಜ್ಯದ ಗಾಡಿಗೆ ಬೇರೆ ಕಾನೂನು ಉಂಟಾ?

ಉತ್ತರ (ನಿವೃತ್ತ ಟ್ರಾಫಿಕ್ ಸಬ್ ಇನ್‌ಸ್ಪೆಕ್ಟರ್):
ಟ್ರಾಫಿಕ್ ಕಾನೂನು ಎಲ್ಲರಿಗೂ ಒಂದೇ. ಆದರೆ ನಿಮ್ಮ ಪ್ಲೇಟ್ ಕಣ್ಣಿಗೆ ಬೀಳುತ್ತೆ ಅನ್ನೋದೂ ನಿಜ. ರಸ್ತೆಯಲ್ಲಿ ನಿಂತವನು ದೂರದಿಂದಲೇ ಮೊದಲು ನೋಡೋದು ಸೀಟ್ ಬೆಲ್ಟ್, ಆಮೇಲೆ ಪ್ಲೇಟಿನ ಮೊದಲ ಎರಡು ಅಕ್ಷರ. ಸಾಲಾಗಿ ಬರುವ ಕೆಎ ನಡುವೆ ಒಂದು ಕೆಎಲ್ ಬಂದರೆ ಕೈ ತಾನಾಗಿ ಮೇಲೇಳುತ್ತೆ.

ಇದರಲ್ಲಿ ಕೆಲವು ನ್ಯಾಯವಾದ ಕಾರಣ. ಕದ್ದ ಗಾಡಿ, ಗಡಿ ದಾಟಿ ಬರುವ ಮದ್ಯ, ಗಾಂಜಾ. ಇನ್ನೊಂದು ಕಾರಣ ನ್ಯಾಯದ್ದಲ್ಲ. ಈತ ಊರಿನವನಲ್ಲ, ಕೋರ್ಟಿಗಂತೂ ಬರಲ್ಲ, ಕೇಳಿದಷ್ಟು ಕೊಟ್ಟು ಹೋಗ್ತಾನೆ ಅನ್ನೋ ಲೆಕ್ಕ. ಹಾಗೆ ಯೋಚಿಸುವವರು ಇಲಾಖೆಯಲ್ಲಿ ಇದ್ದಾರೆ. ಅದು ಶುದ್ಧ ತಪ್ಪು. ಖಾಕಿ ಹಾಕಿದವನು ಪ್ಲೇಟ್ ನೋಡಿ ಮನುಷ್ಯನನ್ನು ಅಳೆಯಬಾರದು.

ಮೇಲಿನವರ ಆದೇಶವೂ ಇದೆ. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದಿದ್ದರೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಬೇಡಿ ಎಂದು ಆಗಿನ ಡಿಜಿಪಿ ಪ್ರವೀಣ್ ಸೂದ್ 2022ರ ಜೂನ್‌ನಲ್ಲಿ ಹೇಳಿದ್ದರು. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಯ ವೇಳೆ ಬೈಕ್‌ನಿಂದ ಬಿದ್ದು ಪುಟ್ಟ ಮಗು ತೀರಿಕೊಂಡಿತು. ಆಮೇಲೆ ಇಲಾಖೆಯ ಮೇಲಿನವರು ಮತ್ತೆ ಅದನ್ನೇ ಕಟ್ಟುನಿಟ್ಟಾಗಿ ಹೇಳಿದರು. ಕೀ ಕಿತ್ತುಕೊಳ್ಳಬಾರದು, ಗಾಡಿಗೆ ಅಡ್ಡ ಹೋಗಬಾರದು ಅಂತಲೂ ಸೇರಿಸಿದರು. ಆದರೂ ನಿಲ್ಲಿಸಿದರೆ ನಿಲ್ಲಿ. ವಾದಕ್ಕಿಳಿಯಬೇಡಿ. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿರುವ ಡಿಎಲ್, ಆರ್‌ಸಿ ತೋರಿಸಿ. 2018ರಿಂದ ಅವುಗಳಿಗೆ ಕಾಗದದಷ್ಟೇ ಬೆಲೆ.

ಇನ್ನು ಟ್ಯಾಕ್ಸ್. ಇದು ಟ್ರಾಫಿಕ್‌ನವರದ್ದಲ್ಲ, ಆರ್‌ಟಿಒ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡರೆ ಅಲ್ಲಿ ಹೊಸ ನಂಬರ್ ಮಾಡಿಸಬೇಕು. ನಿಮ್ಮ ಕಾರು ರಾತ್ರಿ ಮನೆಗೆ ಹೋಗುತ್ತಲ್ವಾ? ಅದು ಕರ್ನಾಟಕದಲ್ಲಿ ಇಟ್ಟ ಗಾಡಿ ಆಗಲ್ಲ. ಕೇಳಿದರೆ ತೋರಿಸಲು ಪುರಾವೆ ನಿಮ್ಮ ಕೈಯಲ್ಲೇ ಇದೆ. ತಲಪಾಡಿ ಟೋಲ್‌ನಲ್ಲಿ ಹೋಗುವಾಗ, ಬರುವಾಗ ಫಾಸ್ಟ್‌ಟ್ಯಾಗ್ ದಾಖಲಾಗುತ್ತೆ, ದಿನಾಂಕ, ಗಂಟೆ ಸಮೇತ. ಆ ಪಟ್ಟಿಯನ್ನು ಆಗಾಗ ಇಳಿಸಿ ಇಟ್ಟುಕೊಳ್ಳಿ.

ಆರ್‌ಟಿಒ ಬೆನ್ನು ಹತ್ತಿರೋದು ಬೆಂಗಳೂರಿನಲ್ಲೇ ಇದ್ದು, ಇಲ್ಲಿನ ಟ್ಯಾಕ್ಸ್ ಜಾಸ್ತಿ ಅಂತ ಪುದುಚೇರಿಯಲ್ಲೋ ಮತ್ತೆಲ್ಲೋ ನೋಂದಣಿ ಮಾಡಿಸಿದ ದುಬಾರಿ ಕಾರುಗಳನ್ನು. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯಿಂದಲೇ ಸುಮಾರು 1.4 ಕೋಟಿ ರೂಪಾಯಿ ವಸೂಲಾಯಿತು.

ಪ್ರಶ್ನೆ (ನಿಪ್ಪಾಣಿಯಿಂದ):
ಸರ್, ನಮ್ಮದು ಉಲ್ಟಾ ಕಥೆ. ಕೆಎ-23 ಗಾಡಿ, ವ್ಯಾಪಾರಕ್ಕೆ ವಾರಕ್ಕೊಮ್ಮೆ ಗಡಿ ದಾಟಿ ಮಹಾರಾಷ್ಟ್ರಕ್ಕೆ ಹೋಗ್ತೀನಿ. ಒಂದು ಕಡೆ ನಿಲ್ಲಿಸಿ 500 ರೂಪಾಯಿ ಕೇಳಿದರು. ರಸೀದಿ ಕೊಡಿ ಅಂದರೆ ಸಾವಿರ ಆಗ್ತದ ಅಂದರು. ಕೊಟ್ಟು ಬಂದೆ. ಏನು ಮಾಡಬೇಕಿತ್ತು?

ಉತ್ತರ:
ಅಣ್ಣಾವ್ರೇ, ನಾನು ಕೆಲಸ ಮಾಡಿದ್ದು ಕರ್ನಾಟಕದಲ್ಲಿ. ಆದರೆ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. ರಸೀದಿ ಇಲ್ಲದ ದುಡ್ಡು ದಂಡ ಅಲ್ಲ, ಲಂಚ. ಮೊದಲು ಕೇಳಬೇಕಾದ್ದು, ಯಾವ ತಪ್ಪಿಗೆ ಅಂತ. ತಪ್ಪಿನ ಹೆಸರು ಬಾಯಿಗೆ ಬರದಿದ್ದರೆ ಅಲ್ಲೇ ಅರ್ಥ ಆಗುತ್ತೆ. ತಪ್ಪು ಇದ್ದರೆ "ಇ-ಚಲನ್ ಹಾಕಿ, ಆನ್‌ಲೈನ್‌ನಲ್ಲಿ ಕಟ್ತೀನಿ" ಅನ್ನಿ. ಸ್ಥಳದಲ್ಲೇ ನಗದು ಕೊಡಬೇಕು ಅಂತೇನಿಲ್ಲ. ಒಪ್ಪಿಗೆ ಇಲ್ಲದಿದ್ದರೆ ಕೋರ್ಟಿನಲ್ಲಿ ನೋಡಿಕೊಳ್ಳಬಹುದು. ಸಮವಸ್ತ್ರದ ಮೇಲಿನ ಹೆಸರಿನ ಪಟ್ಟಿ, ಜಾಗ, ಸಮಯ ನೆನಪಿಟ್ಟುಕೊಳ್ಳಿ. ನಮ್ಮಲ್ಲಿ ಸ್ಥಳದಲ್ಲಿ ದಂಡ ಹಾಕುವ ಅಧಿಕಾರ ಎಎಸ್‌ಐ ಮತ್ತು ಅದಕ್ಕಿಂತ ಮೇಲಿನವರಿಗೆ ಮಾತ್ರ.

ಇನ್ನೊಂದು ಮಾತು. ಆರ್‌ಸಿಯಲ್ಲಿ ಈಗಿನ ಮೊಬೈಲ್ ನಂಬರ್ ಇದೆಯಾ ನೋಡಿಕೊಳ್ಳಿ. ಕ್ಯಾಮೆರಾ ಹಾಕಿದ ಚಲನ್ ಯಾವ ರಾಜ್ಯದ್ದಾದರೂ ಆ ನಂಬರಿಗೇ ಬರೋದು. ಹಳೇ ನಂಬರ್ ಇದ್ದರೆ ಗೊತ್ತೇ ಆಗಲ್ಲ. ಮುಂದೆ ತಪಾಸಣೆಗೆ ನಿಲ್ಲಿಸಿದಾಗ ಬಾಕಿ ಎಲ್ಲ ಒಟ್ಟಿಗೆ ಎದುರಿಗೆ ಬರುತ್ತೆ.

ಪ್ರಶ್ನೆ (ಬೆಂಗಳೂರಿನಿಂದ):
ಪುಣೆಯಿಂದ ವರ್ಗವಾಗಿ ಬಂದು ಎಂಟು ತಿಂಗಳಾಯ್ತು ಸರ್. ಕಾರು ಎಂಎಚ್-12. ಬಿಎಚ್ ನಂಬರ್ ಮಾಡಿಸಲಾ, ಕೆಎ ಮಾಡಿಸಲಾ?

ಉತ್ತರ:
ಇನ್ನೂ ನಾಲ್ಕು ತಿಂಗಳಿದೆ ಅಂತ ಸುಮ್ನೆ ಕೂರಬೇಡಮ್ಮ. ಬಿಎಚ್ ಅಂದ್ರೆ ಭಾರತ್ ಸರಣಿ, ರಾಜ್ಯ ಬದಲಾದರೂ ನಂಬರ್ ಬದಲಾಯಿಸಬೇಕಿಲ್ಲ. ಅದು 2021ರಲ್ಲಿ ಬಂತು. ಸರ್ಕಾರಿ ನೌಕರರಿಗೆ, ಸೈನ್ಯದವರಿಗೆ ಸಿಗುತ್ತೆ. ಖಾಸಗಿ ಕಂಪನಿ ಆದರೆ ಕನಿಷ್ಠ ನಾಲ್ಕು ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶದಲ್ಲಿ ಆಫೀಸ್ ಇರಬೇಕು. ಮಾಮೂಲಿ ನಂಬರಿನ ಹಳೇ ಕಾರನ್ನೂ ಬದಲಾಯಿಸಲು 2022ರ ಡಿಸೆಂಬರ್‌ನಲ್ಲಿ ಅವಕಾಶ ಕೊಟ್ಟರು. ಟ್ಯಾಕ್ಸ್ ಎರಡೆರಡು ವರ್ಷಕ್ಕೆ ಕಟ್ಟಿದರೆ ಸಾಕು. ಮತ್ತೆ ವರ್ಗ ಆಗುವ ಕೆಲಸವಾದರೆ ನನ್ನ ಸಲಹೆ ಅದೇ.

ಬೆಂಗಳೂರಲ್ಲೇ ನೆಲೆ ನಿಲ್ಲೋದಾದರೆ ಪುಣೆ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತನ್ನಿ, ಫಾರಂ 28. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಆಮೇಲೆ ಇಲ್ಲಿ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ತಗೊಳ್ಳಿ, ಕಾರು ಹಳೆಯದಾದಷ್ಟೂ ಮೊತ್ತ ಇಳಿಯುತ್ತೆ. ಅಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ವಾಪಸ್ ಕೇಳಬಹುದು. ಅದಕ್ಕೆ ಹಳೇ ಟ್ಯಾಕ್ಸ್ ರಸೀದಿ ಬೇಕು, ಈಗಲೇ ಹುಡುಕಿಟ್ಟುಕೊಳ್ಳಿ.